ರಾಣಿಯ ಕಡಲಮನೆಗೆ ಸಂಸಾರ ಸಮೇತ

ಬೇಸಿಗೆಯಲ್ಲಿ ಊರಿನಿಂದ ಅಪ್ಪ–ಅಮ್ಮ ಬಂದಿರುತ್ತಾರೆ. ಲಂಡನ್ನಿನ ಗಡಿಯಾರದ ಗೋಪುರ, ಥೇಮ್ಸ್ ಸೇತುವೆ, ವಿಂಡ್ಸರ್ ಕೋಟೆ ಎಲ್ಲ ಆಗಿರುತ್ತದೆ. ಮತ್ತೊಂದು ಅರಮನೆ ಎಂದರೆ ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ, ಅಪ್ಪನಿಗೆ ಮಂಡಿನೋವು ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಿಗೆ ಈ ಪೇಚು ಹೊಸದಲ್ಲ. ಇಂಥ ಮೂರು ತಲೆಮಾರಿನ ಸಂಸಾರಕ್ಕೆ ನಾನು ಹೇಳುವ ಜಾಗ ಒಂದೇ: ಐಲ್ ಆಫ್ ವೈಟ್ ದ್ವೀಪದ ಆಸ್ಬಾರ್ನ್. ವಿಕ್ಟೋರಿಯಾ ರಾಣಿ ಮತ್ತು ಆಕೆಯ ಗಂಡ ಆಲ್ಬರ್ಟ್ 1845ರಲ್ಲಿ ಸ್ವಂತ ದುಡ್ಡಿನಿಂದ ಕೊಂಡ ಜಾಗ. ಹಳೆಯ ಮನೆ ಕೆಡವಿಸಿ, ಇಟಲಿಯ ಶೈಲಿಯಲ್ಲಿ ಎರಡು ಗೋಪುರದ ಹೊಸ ಮನೆ ಕಟ್ಟಿಸಿ, ಒಂಬತ್ತು ಮಕ್ಕಳನ್ನು ಇಟ್ಟುಕೊಂಡು ಬೇಸಿಗೆ ಕಳೆದರು. ರಾಜಧಾನಿಯ ಕಾಟದಿಂದ ತಪ್ಪಿಸಿಕೊಳ್ಳಲು ಕಟ್ಟಿಕೊಂಡ ಮನೆ ಇದು. ಮಕ್ಕಳನ್ನು ಮುಂದಿಟ್ಟುಕೊಂಡು ನೋಡಿದವರಿಗೆ ಆಸ್ಬಾರ್ನ್ ಒಲಿಯುತ್ತದೆ. ವಸ್ತುಸಂಗ್ರಹಾಲಯದ ಹಾಗೆ ನೋಡಲು ಹೋದವರಿಗೆ ಕಾಲುನೋವು ಮಾತ್ರ ಗಿಟ್ಟುತ್ತದೆ. ಕೆಳಗಿನ ಸೂತ್ರಗಳೆಲ್ಲ ಈ ಮಾತನ್ನು ಹಿಡಿದೇ ಹೊರಟಿವೆ.

1. ಮೊದಲು ಹಡಗು, ಆಮೇಲೆ ಮಿಕ್ಕಿದ್ದು

ದ್ವೀಪಕ್ಕೆ ಸೇತುವೆ ಇಲ್ಲ. ಸೊಲೆಂಟ್ ಎಂಬ ಕಿರಿದಾದ ಸಮುದ್ರವನ್ನು ದಾಟಲೇಬೇಕು. ಕಾರು ಸಮೇತ ಹೋಗುವವರಿಗೆ ಸೌತಾಂಪ್ಟನ್ನಿನಿಂದ ಈಸ್ಟ್ ಕೌಸ್‌ಗೆ ಸುಮಾರು ಒಂದು ಗಂಟೆಯ ಪಯಣ. ಇಳಿದ ಮೇಲೆ ಆಸ್ಬಾರ್ನ್ ಗೇಟು ಕೂಗಳತೆಯಲ್ಲಿದೆ ಎನ್ನಬಹುದು. ಪೋರ್ಟ್ಸ್‌ಮತ್‌ನಿಂದ ಫಿಶ್‌ಬೋರ್ನ್‌ಗೆ ಮುಕ್ಕಾಲು ಗಂಟೆ. ಕಾರಿನ ಟಿಕೆಟ್ಟು ಅಗ್ಗವಲ್ಲ. ಒಂದೇ ದಾರಿಗೆ ದಿನಕ್ಕೊಂದು, ಹೊತ್ತಿಗೊಂದು ದರ. ಆಗಸ್ಟಿನಲ್ಲಿ ಕೌಸ್ ವಾರದ ಹಾಯಿದೋಣಿ ಪಂದ್ಯ ನಡೆಯುತ್ತದೆ. 1826ರಲ್ಲಿ ಶುರುವಾದ ಜಾತ್ರೆ ಅದು. ಜೂನ್‌ನಲ್ಲಿ ಸಂಗೀತೋತ್ಸವ. ಆ ವಾರಗಳಲ್ಲಿ ದರವೂ ಹೆಚ್ಚು, ಜನವೂ ಹೆಚ್ಚು. ದಿನಾಂಕವನ್ನು ಹಡಗಿನ ದರ ನೋಡಿ ಗೊತ್ತುಮಾಡಿ, ಅಜ್ಜನ ಪಂಚಾಂಗ ನೋಡಿ ಅಲ್ಲ.

2. ಕಾರಿಲ್ಲದೆಯೂ ಆಗುತ್ತದೆ, ನಕಾಶೆ ಮಾತ್ರ ಸರಿಯಾಗಿ ನೋಡಿ

ಪೋರ್ಟ್ಸ್‌ಮತ್ ರೈಲು ನಿಲ್ದಾಣದ ಪಕ್ಕದಲ್ಲೇ ವೇಗದ ದೋಣಿ ಸಿಗುತ್ತದೆ. ಇಪ್ಪತ್ತು–ಇಪ್ಪತ್ತೈದು ನಿಮಿಷದಲ್ಲಿ ರೈಡ್ ಪಟ್ಟಣ. ಇನ್ನೂ ಮಜಾ ಬೇಕಿದ್ದರೆ ಸೌತ್‌ಸೀಯಿಂದ ಹೊರಡುವ ಹೋವರ್‌ಕ್ರಾಫ್ಟ್ ಇದೆ. ನೀರಿನ ಮೇಲೆ ಗಾಳಿಯ ದಿಂಬಿನಲ್ಲಿ ತೇಲಿ ಹತ್ತು ನಿಮಿಷದಲ್ಲಿ ರೈಡ್ ಮುಟ್ಟಿಸುತ್ತದೆ. ಹುಡುಗರಿಗೆ ದಿನದ ಖರ್ಚು ಅಲ್ಲೇ ವಸೂಲಾಯಿತು. ರೈಡ್‌ನಿಂದಲೂ ನ್ಯೂಪೋರ್ಟ್‌ನಿಂದಲೂ ಬಸ್ಸುಗಳು ಆಸ್ಬಾರ್ನ್ ಗೇಟಿನ ಮುಂದೆಯೇ ನಿಲ್ಲುತ್ತವೆ.

ಎಡವುವ ಜಾಗ ಒಂದಿದೆ. ಸೌತಾಂಪ್ಟನ್ನಿನಿಂದ ಕಾರಿಲ್ಲದೆ ಹೋಗುವವರ ವೇಗದ ದೋಣಿ ಮುಟ್ಟುವುದು ವೆಸ್ಟ್ ಕೌಸ್‌ಗೆ. ನಕಾಶೆಯಲ್ಲಿ ಆಸ್ಬಾರ್ನ್ ಹತ್ತಿರವೇ ಕಾಣುತ್ತದೆ, ಆದರೆ ನಡುವೆ ಮೆಡಿನಾ ನದಿ ಮಲಗಿದೆ. ಅದನ್ನು ದಾಟಿಸಲು ಸರಪಳಿ ಹಿಡಿದೆಳೆದುಕೊಂಡು ಸಾಗುವ ತೇಲುಸೇತುವೆ ಇದೆ. ಅದು ದುರಸ್ತಿಗೆ ನಿಲ್ಲುವುದೂ ಉಂಟು. ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಕೊಳ್ಳಿ.

3. ಟಿಕೆಟ್ಟಿನ ಲೆಕ್ಕ ಕಾಗದದ ಮೇಲೆ ಹಾಕಿ

ಆಸ್ಬಾರ್ನ್ ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಸುಪರ್ದಿಯಲ್ಲಿದೆ. ಇಡೀ ಸಂಸಾರ ಒಂದು ದಿನಕ್ಕೆ ಕೊಡುವ ದುಡ್ಡಿಗೂ ವರ್ಷದ ಸದಸ್ಯತ್ವಕ್ಕೂ ಅಜಗಜಾಂತರವಿಲ್ಲ. ಸದಸ್ಯರ ಜೊತೆ ಮಕ್ಕಳಿಗೆ ಪುಕ್ಕಟೆ. ಊರಿನಿಂದ ಬಂದವರಿಗೆ 9 ದಿನದ, 16 ದಿನದ ಪ್ರವಾಸಿ ಪಾಸ್ ಸಿಗುತ್ತದೆ. ಸ್ಟೋನ್‌ಹೆಂಜ್, ಡೋವರ್ ಕೋಟೆಗೂ ಅದೇ ಪಾಸ್ ನಡೆಯುತ್ತದೆ. ಚಳಿಗಾಲದಲ್ಲಿ ತೆರೆಯುವ ದಿನಗಳು ಮೊಟಕಾಗುತ್ತವೆ, ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ.

4. ಮನೆ ಮೊದಲು, ಮರಳು ಆಮೇಲೆ

ಮಕ್ಕಳು ಗೇಟಿನಿಂದಲೇ "ಬೀಚ್ ಎಲ್ಲಿ?" ಎಂದು ಶುರುಮಾಡುತ್ತಾರೆ. ಬಗ್ಗಬೇಡಿ. ಒದ್ದೆ ಚಡ್ಡಿ, ಮರಳು ಮೆತ್ತಿದ ಕಾಲು ಹೊತ್ತ ಹುಡುಗನನ್ನು ಸಂಜೆ ನಾಲ್ಕಕ್ಕೆ ರಾಣಿಯ ರತ್ನಗಂಬಳಿಗಳ ನಡುವೆ ನಡೆಸಿಕೊಂಡು ಹೋಗುವ ಪಾಡು ಯಾರಿಗೂ ಬೇಡ. ಬಾಗಿಲು ತೆರೆಯುತ್ತಿದ್ದಂತೆ ಮನೆಯೊಳಗೆ ಹೋದರೆ ಜನ ಕಡಿಮೆ, ಅಪ್ಪ–ಅಮ್ಮನ ಕಾಲಲ್ಲಿ ಕಸುವೂ ಇರುತ್ತದೆ. ಒಂದೂವರೆ ಗಂಟೆ ಸಾಕು. ಮೆಟ್ಟಿಲು ಹತ್ತಲಾಗದವರು ಜೊತೆಗಿದ್ದರೆ ಬಾಗಿಲಲ್ಲೇ ಸಿಬ್ಬಂದಿಗೆ ಹೇಳಿ.

5. ಒಳಗೆ ಎಲ್ಲವನ್ನೂ ನೋಡಬೇಡಿ

ಪಿಂಗಾಣಿ, ಮೂರ್ತಿ, ಮೇಜು, ಮತ್ತೆ ಪಿಂಗಾಣಿ. ಪ್ರತಿಯೊಂದರ ಫಲಕ ಓದುತ್ತ ನಿಂತರೆ ಮಧ್ಯಾಹ್ನವಾಗುತ್ತದೆ. ಕಥೆ ಇರುವಲ್ಲಿ ಮಾತ್ರ ನಿಲ್ಲಿ.

ಬಿಲಿಯರ್ಡ್ಸ್ ಕೋಣೆ ಒಂದು. ರಾಣಿಯ ಎದುರು ಗಂಡಸರು ಕೂರುವ ಹಾಗಿರಲಿಲ್ಲ. ಅದಕ್ಕೇ ಈ ಕೋಣೆಯನ್ನು ಹಜಾರದ ಮೂಲೆ ತಿರುಗಿಸಿ, ಕಂಬಗಳ ಮರೆಯಲ್ಲಿ ಇಟ್ಟಿದ್ದಾರೆ. ಕೂಗಿದರೆ ಕೇಳಿಸುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪರಿವಾರದವರು ಹಾಯಾಗಿ ಕೂರಬಹುದಿತ್ತು. ಅತ್ತೆಯ ಕಣ್ಣು ತಪ್ಪಿಸಿ ಕಾಲುಚಾಚಿದ ಅಳಿಯಂದಿರಿಗೆ ಇದರ ಮರ್ಮ ವಿವರಿಸಬೇಕಿಲ್ಲ.

ಊಟದ ಮನೆ ಇನ್ನೊಂದು. ಆಲ್ಬರ್ಟ್ 1861ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಮರುವರ್ಷ ಜುಲೈನಲ್ಲಿ ಮಗಳು ಆಲಿಸ್‌ಳ ಮದುವೆ ಇದೇ ಊಟದ ಮನೆಯಲ್ಲಿ ಸೂತಕದ ಮೌನದಲ್ಲೇ ಮುಗಿಯಿತು. 1901ರ ಜನವರಿ 22ರಂದು ರಾಣಿ ಇದೇ ಆಸ್ಬಾರ್ನ್‌ನಲ್ಲಿ ಕಣ್ಣುಮುಚ್ಚಿದಾಗ ಆಕೆಯ ಶವಪೆಟ್ಟಿಗೆಯನ್ನು ಇರಿಸಿದ್ದೂ ಇಲ್ಲೇ.

ಮಹಡಿಯ ಮೇಲೆ ಗಂಡ–ಹೆಂಡತಿ ಅಕ್ಕಪಕ್ಕ ಕೂತು ಕಾಗದಪತ್ರ ನೋಡುತ್ತಿದ್ದ ಜೋಡಿ ಮೇಜುಗಳಿವೆ. ಅದರ ಮೇಲಿನ ಅಂತಸ್ತು ಮಕ್ಕಳ ಕೋಣೆ. ತೊಟ್ಟಿಲು, ಪುಟ್ಟ ಕುರ್ಚಿ, ಆಟಿಕೆ. ಎಳೆಯ ಮಕ್ಕಳ ಕೈಕಾಲುಗಳನ್ನು ಅಮೃತಶಿಲೆಯಲ್ಲಿ ಕಡೆಸಿ ಗಾಜಿನೊಳಗೆ ಇಟ್ಟುಕೊಂಡಿದ್ದಾಳೆ ತಾಯಿ. ಕೆಲವರಿಗೆ ಮುದ್ದು ಬರುತ್ತದೆ, ಕೆಲವರಿಗೆ ಮೈ ಜುಮ್ಮೆನ್ನುತ್ತದೆ. ನಾನು ಎರಡನೆಯ ಗುಂಪು.

1878ರ ಜನವರಿಯಲ್ಲಿ ಗ್ರಹಾಂ ಬೆಲ್ ತನ್ನ ಟೆಲಿಫೋನನ್ನು ರಾಣಿಗೆ ತೋರಿಸಿದ್ದೂ ಈ ಮನೆಯಲ್ಲೇ. ಮೊಬೈಲಿನಿಂದ ಕಣ್ಣೆತ್ತದ ಹದಿಹರೆಯದವರು ಜೊತೆಗಿದ್ದರೆ ಈ ಸಂಗತಿಯನ್ನು ಅವರಿಗೆಂದೇ ಮೀಸಲಿಡಿ.

6. ದರ್ಬಾರ್ ಕೋಣೆಯಲ್ಲಿ ಹಿರಿಯರನ್ನು ಮುಂದೆ ಬಿಡಿ

ಅಷ್ಟು ಹೊತ್ತು ಸುಮ್ಮನೆ ಹಿಂದೆ ಬಂದ ಅಪ್ಪ–ಅಮ್ಮ ಇಲ್ಲಿ ಮಾತು ಶುರುಮಾಡುತ್ತಾರೆ. ಗೋಡೆ, ಚಾವಣಿ ತುಂಬ ಬಿಳಿಯ ಗಾರೆಯ ಕುಸುರಿ. ಅಗ್ಗಿಷ್ಟಿಕೆಯ ಮೇಲೆ ಗರಿಬಿಚ್ಚಿದ ದೊಡ್ಡ ನವಿಲು. ಲಾಹೋರಿನ ಕಲಾಶಾಲೆಯಿಂದ ಬಂದ ಭಾಯ್ ರಾಮ್ ಸಿಂಗ್ 1890–91ರಲ್ಲಿ ಮಾಡಿಸಿದ ಕೆಲಸ. ಅವರಿಗೆ ಜೊತೆಯಾದವರು ಆ ಶಾಲೆಯ ಮುಖ್ಯಸ್ಥ ಲಾಕ್‌ವುಡ್ ಕಿಪ್ಲಿಂಗ್, 'ಜಂಗಲ್ ಬುಕ್' ಬರೆದವನ ತಂದೆ. ಒಮ್ಮೆಯೂ ಭಾರತಕ್ಕೆ ಕಾಲಿಡದ ಚಕ್ರವರ್ತಿನಿ ತನ್ನ ಮನೆಯ ಮಗ್ಗುಲಿಗೆ ಭಾರತವನ್ನೇ ಕಟ್ಟಿಸಿಕೊಂಡಳು. ಭಕ್ತಿಯೋ, ಗತ್ತೋ, ಎರಡೂ ಸೇರಿದ್ದೋ, ಅಪ್ಪನನ್ನು ಕೇಳಿ ನೋಡಿ. ಊಟದ ತನಕ ಚರ್ಚೆಗೆ ಬರವಿಲ್ಲ.

ಪಕ್ಕದ ಪಡಸಾಲೆಯಲ್ಲಿ ರುಡಾಲ್ಫ್ ಸ್ವೊಬೊಡಾ ಬರೆದ ಚಿತ್ರಗಳ ಸಾಲು. ರಾಜರಲ್ಲ, ನೇಕಾರರು, ಕುಂಬಾರರು, ಸಿಪಾಯಿಗಳು. ಕೆಲವರು 1886ರ ಲಂಡನ್ ವಸ್ತುಪ್ರದರ್ಶನಕ್ಕೆಂದು ಕರೆತಂದ ಕಸುಬುದಾರರು. ಅವರಲ್ಲಿ ಆಗ್ರಾ ಜೈಲಿನಲ್ಲಿ ಕಸುಬು ಕಲಿತವರೂ ಇದ್ದರು. ಪುಟ್ಟ ಪುಟ್ಟ ಚಿತ್ರಗಳು. ಹತ್ತಿರ ಹೋಗಿ ಮುಖದ ಸುಕ್ಕು, ಪೇಟದ ಮಡಿಕೆ ನೋಡಿ. ಇಡೀ ಮನೆಯಲ್ಲಿ ಬೆಡಗಿಲ್ಲದ ಮುಖಗಳೆಂದರೆ ಇವೇ. ರಾಣಿಗೆ ಹಿಂದೂಸ್ತಾನಿ ಕಲಿಸಿದ ಮುನ್ಷಿ ಅಬ್ದುಲ್ ಕರೀಮ್ ಸಹ ಇಲ್ಲಿದ್ದಾನೆ. 1887ರಲ್ಲಿ ಬಂದ ಭಾರತೀಯ ಪರಿಚಾರಕರಿಂದಾಗಿ ರಾಣಿಯ ಊಟದ ಮೇಜಿಗೆ ಕರಿ ಬಂತು.

7. ಕೊಡಗಿನ ಗೌರಮ್ಮನನ್ನು ಹುಡುಕದೆ ಹೊರಬರಬೇಡಿ

ಕನ್ನಡಿಗರಿಗೆ ಈ ಮನೆಯಲ್ಲಿ ಒಬ್ಬ ನೆಂಟಳಿದ್ದಾಳೆ. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ 'ಚಿಕವೀರ ರಾಜೇಂದ್ರ' ಕಾದಂಬರಿ ಓದಿದವರಿಗೆ ಹಿನ್ನೆಲೆ ಗೊತ್ತು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ಕಿತ್ತುಕೊಂಡು ಅರಸನನ್ನು ಕಾಶಿಗೆ ಸಾಗಹಾಕಿತು. ಕಂಪನಿಯ ಕೈಯಲ್ಲಿ ಸಿಕ್ಕಿಕೊಂಡಿದ್ದ ಹಣಕ್ಕಾಗಿ ಹೋರಾಡಲು ಆತ 1852ರಲ್ಲಿ ಇಂಗ್ಲೆಂಡಿಗೆ ಬಂದ. ಜೊತೆಯಲ್ಲಿ ಹನ್ನೊಂದರ ಆಸುಪಾಸಿನ ಮಗಳು ಗೌರಮ್ಮ. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹುಡುಗಿಗೆ ದೀಕ್ಷಾಸ್ನಾನವಾಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಮಗುವನ್ನು ಇಂಗ್ಲಿಷ್ ಮನೆಗಳಲ್ಲಿಟ್ಟು ಬೆಳೆಸಿದರು.

ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ನಿಗೆ ಈಕೆಯನ್ನು ಗಂಟುಹಾಕಬೇಕೆಂಬುದು ರಾಣಿಯ ಆಸೆ. ಆತ ಒಲ್ಲೆನೆಂದ. ಕಡೆಗೆ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯ ಜೊತೆ ಮದುವೆಯಾಯಿತು. ಒಂದು ಹೆಣ್ಣುಮಗು ಹುಟ್ಟಿತು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ತೀರಿಕೊಂಡಳು.

ವಿಂಟರ್‌ಹಾಲ್ಟರ್ ಬರೆದ ಅವಳ ತೈಲಚಿತ್ರ, ಮರೊಚೆಟ್ಟಿ ಅಮೃತಶಿಲೆಯಲ್ಲಿ ಕಡೆದು ಬಣ್ಣದ ಛಾಯೆ ಕೊಟ್ಟ ಎದೆಮಟ್ಟದ ಮೂರ್ತಿ, ಎರಡೂ ಆಸ್ಬಾರ್ನ್‌ನ ಸಂಗ್ರಹದಲ್ಲಿವೆ. ಕಣ್ಣಿಗೆ ಬೀಳದಿದ್ದರೆ ಕೋಣೆಯ ಸಿಬ್ಬಂದಿಯನ್ನು ಕೇಳಿ. ಆಕೆ ಯಾರೆಂದು ಮಕ್ಕಳಿಗೆ ಹೇಳುವ ಕೆಲಸ ಅಜ್ಜಿಯದಾಗಲಿ. ಮಡಿಕೇರಿ ಕೋಟೆ ನೋಡಿಬಂದ ಮಗುವಿಗೆ ಈ ಮುಖ ಬೇರೆ ಥರ ಕಾಣುತ್ತದೆ. ನನ್ನ ಮಟ್ಟಿಗೆ ಹಡಗಿನ ದುಬಾರಿ ಟಿಕೆಟ್ಟಿಗೆ ಇದೊಂದೇ ಸಮಜಾಯಿಷಿ ಸಾಕು.

8. ಬುತ್ತಿ ಕಟ್ಟಿಕೊಂಡೇ ಹೋಗಿ

ಒಳಗೆ ಹೋಟೆಲು, ಚಹಾದಂಗಡಿ ಇವೆ, ಕೇಕು ಚೆನ್ನಾಗಿರುತ್ತದೆ. ಆದರೆ ಹಸಿದ ಅಪ್ಪನ ಎದುರು ಸ್ಯಾಂಡ್‌ವಿಚ್ ಇಟ್ಟರೆ ಬರುವ ಮೌನ ನಿಮಗೆ ಗೊತ್ತಿದ್ದದ್ದೇ. ಪುಳಿಯೋಗರೆ, ಮೊಸರನ್ನ, ಮೇಲೊಂದಿಷ್ಟು ಕೋಡುಬಳೆ. ಮುನ್ನೂರಕ್ಕೂ ಹೆಚ್ಚು ಎಕರೆಯ ತೋಟ, ಕೂತು ಉಣ್ಣಲು ಹುಲ್ಲಿಗೇನೂ ಬರವಿಲ್ಲ. ಮೊಸರನ್ನದ ಡಬ್ಬಿ ತೆರೆಯುವಾಗ ಕಡಲಹಕ್ಕಿಗಳ ಮೇಲೆ ಒಂದು ಕಣ್ಣಿರಲಿ.

9. ದಿನದ ದೊಡ್ಡ ಪಾಲನ್ನು ಸ್ವಿಸ್ ಕಾಟೇಜ್‌ಗೆ ಕೊಡಿ

ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಮರದ ದಿಮ್ಮಿಗಳ ಒಂದು ಮನೆ. 1854ರಲ್ಲಿ ಮಕ್ಕಳಿಗೆಂದೇ ಮಾಡಿಕೊಟ್ಟದ್ದು. ಮಕ್ಕಳ ಅಳತೆಗೆ ಒಲೆ, ಪಾತ್ರೆ–ಪಗಡ. ರಾಜಕುಮಾರಿಯರು ಇಲ್ಲಿ ನಿಜವಾಗಿಯೂ ಅಡುಗೆ ಮಾಡಿ ಅಪ್ಪ–ಅಮ್ಮನಿಗೆ ಬಡಿಸುತ್ತಿದ್ದರು. ಲೆಕ್ಕಾಚಾರ ಕಲಿಯಲು ಆಟದ ದಿನಸಿ ಅಂಗಡಿಯೂ ಇತ್ತು.

ಹೊರಗೆ ಒಂಬತ್ತು ಮಕ್ಕಳಿಗೂ ಒಂದೊಂದು ಪಾತಿ. ಹುಲ್ಲುಹೊದಿಕೆಯ ಮಾಡಿನ ಕೆಳಗೆ ಅವರವರ ಕೈಗಾಡಿಗಳು ಸಾಲಾಗಿ ನಿಂತಿವೆ. ಮೊಣಕಾಲೆತ್ತರದ ಒಂಟಿಚಕ್ರದ ಗಾಡಿಗಳು, ಪ್ರತಿಯೊಂದರ ಮೇಲೂ ಒಡೆಯರ ಹೆಸರಿನ ಮೊದಲಕ್ಷರ. ಜೊತೆಗೆ ಅದೇ ಗುರುತಿನ ಪುಟ್ಟ ಗುದ್ದಲಿ, ಕುಂಟೆ. ತರಕಾರಿ ಬೆಳೆದು ತಂದರೆ ಆಲ್ಬರ್ಟ್ ಮಾರುಕಟ್ಟೆ ದರದಲ್ಲಿ ಕೊಂಡು ಮಕ್ಕಳ ಕೈಗೆ ಕಾಸು ಎಣಿಸುತ್ತಿದ್ದ. ಬೆಳೆ ತೃಪ್ತಿಕರವಾಗಿದ್ದರೆ ಮಾತ್ರ! ಇದನ್ನು ಕೇಳಿದ ಅಜ್ಜಿಯರ ತೀರ್ಪು ಹೆಚ್ಚುಕಮ್ಮಿ ಒಂದೇ:

"ನೋಡೋ ಪುಟ್ಟ, ರಾಣಿ ಮಕ್ಕಳೇ ಕಳೆ ಕಿತ್ತಿದಾರಂತೆ. ನಿಂಗೆ ಉಂಡ ತಟ್ಟೆ ಎತ್ತಕ್ಕೂ ಆಗಲ್ಲ."

"ಅವರಿಗೆ ಅಪ್ಪ ದುಡ್ಡು ಕೊಡ್ತಿದ್ರು ಅಜ್ಜಿ!"

ಪುಟ್ಟನ ವಾದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಹೋಗಿ.

ಪಕ್ಕದಲ್ಲೇ ಆಳೆತ್ತರದ ಕೋಟೆ. ರಾಜಕುಮಾರ ಆರ್ಥರ್ ಬಾಲ್ಯದಲ್ಲಿ ಆಡಿದ ವಿಕ್ಟೋರಿಯಾ ಕೋಟೆ, ಅದಕ್ಕೆ 1860ರಲ್ಲಿ ಸೇರಿಸಿದ ಇಟ್ಟಿಗೆಯ ಪುಟ್ಟ ಪಾಳೆಯ. ಹುಡುಗ ಮುಂದೆ ಸೇನೆ ಸೇರಿ ಫೀಲ್ಡ್ ಮಾರ್ಷಲ್ ಆದ. ಸಿಂಹಾಸನದ ಹತ್ತಿರದಲ್ಲಿ ಹುಟ್ಟಿದ್ದೂ ಕೈಹಿಡಿದಿತ್ತು ಎನ್ನುವುದನ್ನು ಮರೆತು, ಮಣ್ಣಲ್ಲಿ ಆಡಿದ್ದರ ಫಲವೆಂದು ಮಕ್ಕಳಿಗೆ ಹೇಳಿದರೆ ತಪ್ಪೇನಿಲ್ಲ.

10. ಐದು ಕಾಲಿನ ಜಿಂಕೆ

ಸ್ವಿಸ್ ಕಾಟೇಜ್ ಬಳಿ ರಾಜಮಕ್ಕಳದೇ ಒಂದು ವಸ್ತುಸಂಗ್ರಹಾಲಯವಿದೆ. ಚಿಪ್ಪು, ಕಲ್ಲು, ಹಕ್ಕಿ, ದೇಶವಿದೇಶದ ಕುತೂಹಲಗಳು. ಐದು ಕಾಲಿನ ಜಿಂಕೆಯೂ ಇದೆ ಎಂದಷ್ಟೇ ಹೇಳಿ; ಎಲ್ಲಿದೆ ಎಂದು ಹೇಳಬೇಡಿ. ನಿಮಗೆ ಹದಿನೈದು ನಿಮಿಷ ಬಿಡುವು.

11. ಬಾಲಕ್ಕೆ ಪೊದೆಯಂಥ ಕೂದಲಿರುವ ಕೆಂಪು ಅಳಿಲು ಕಂಡರೆ ಸದ್ದು ಮಾಡದೆ ನಿಲ್ಲಿ

ಇಂಗ್ಲೆಂಡಿನ ಬಹುಪಾಲು ಕಡೆ ಅಮೆರಿಕದಿಂದ ಬಂದ ಬೂದು ಅಳಿಲು ಇವನ್ನು ಓಡಿಸಿಬಿಟ್ಟಿದೆ. ಸೊಲೆಂಟ್ ಅಡ್ಡ ಇರುವುದರಿಂದ ದ್ವೀಪದಲ್ಲಿ ಉಳಿದುಕೊಂಡಿವೆ.

12. ಸಮುದ್ರಕ್ಕೆ ರಾಣಿಯ ಗಾಡಿ ನೋಡಿಕೊಂಡು ಹೋಗಿ

ಕಾಟೇಜ್‌ನಿಂದ ಮರಗಳ ನಡುವೆ ಇಳಿದರೆ ರಾಣಿಯ ಖಾಸಗಿ ಕಡಲತೀರ. ಸಾರ್ವಜನಿಕರಿಗೆ ತೆರೆದದ್ದು 2012ರಲ್ಲಷ್ಟೇ. ಗೋವಾ, ಗೋಕರ್ಣ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಅಲೆ ಮೆತ್ತಗೆ, ನೀರು ತಣ್ಣಗೆ, ಮರಳಿನ ಜೊತೆ ಕಲ್ಲು. ಆಲ್ಬರ್ಟ್‌ನಿಗೆ ಮಾತ್ರ ಈ ನೋಟ ಇಟಲಿಯ ನೇಪಲ್ಸ್ ಕೊಲ್ಲಿಯನ್ನು ನೆನಪಿಸಿತಂತೆ. ಪ್ರೀತಿಯಿಂದ ಕೊಂಡ ಸೈಟು ಯಾರಿಗೂ ಚೆಂದವೇ. ಒಳ್ಳೆಯ ಸಂಗತಿ ಎಂದರೆ ಸೌತಾಂಪ್ಟನ್ ಬಂದರಿಗೆ ಹೋಗಿಬರುವ ದೈತ್ಯ ಹಡಗುಗಳು ಕಣ್ಣೆದುರೇ ಸಾಗುತ್ತವೆ.

ದಡದಲ್ಲಿ ಚಕ್ರದ ಮೇಲೆ ಒಂದು ಮರದ ಗೂಡು ನಿಂತಿದೆ. ರಾಣಿಯ ಸ್ನಾನದ ಗಾಡಿ. ಒಳಗೆ ಬಟ್ಟೆ ಬದಲಿಸಬೇಕು. ಗಾಡಿಯನ್ನು ಇಳಿಜಾರಿನಲ್ಲಿ ನೀರಿಗೆ ಬಿಡಬೇಕು. ಪರದೆಯ ಮರೆಯಿಂದ ಮೆಟ್ಟಿಲಿಳಿದು ಮುಳುಗಬೇಕು. ಆಮೇಲೆ ಹಗ್ಗ ಸುತ್ತಿ ಗಾಡಿ ಸಮೇತ ಮೇಲಕ್ಕೆ ಎಳೆದುಕೊಳ್ಳಬೇಕು. 1847ರ ಜುಲೈನಲ್ಲಿ ವಿಕ್ಟೋರಿಯಾ ಮೊದಲ ಸಲ ಸಮುದ್ರದಲ್ಲಿ ಮಿಂದದ್ದು ಹೀಗೆ. ಒಳಗೊಂದು ಪಾಯಿಖಾನೆಯೂ ಇತ್ತು. ರಾಣಿ ಹೋದ ಮೇಲೆ ಇದೇ ಗಾಡಿ ಕೋಳಿಗೂಡಾಗಿತ್ತು. ಆಮೇಲೆ ರಿಪೇರಿಮಾಡಿ ತಂದಿಟ್ಟರು. ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು ಅಮ್ಮ ಸೀದಾ ನೀರಿಗಿಳಿಯುತ್ತಾರಲ್ಲ, ಒಬ್ಬ ಚಕ್ರವರ್ತಿನಿಗೂ ಇಲ್ಲದ ಸ್ವಾತಂತ್ರ್ಯ ಅದು. ಈಜುವವರಿದ್ದರೆ ದಡದ ಫಲಕವನ್ನು ಮೊದಲು ಓದಿ, ಮಕ್ಕಳನ್ನು ಕಣ್ಣಳತೆಯಲ್ಲಿಡಿ.

13. ಏರು ಹತ್ತುವ ಶೌರ್ಯ ಬೇಡ

ಇಳಿಯುವಾಗ ಹಗುರ, ಹತ್ತುವಾಗ ಯಾರದೋ ಹೆಗಲ ಮೇಲೆ ನಿದ್ದೆಹೋದ ಮಗು. ಕಾಟೇಜ್‌ಗೂ ಮನೆಗೂ ನಡುವೆ ಸಂಸ್ಥೆಯ ಮಿನಿಬಸ್ ಓಡುತ್ತದೆ. ಆ ದಿನದ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

14. ಅದೇ ದಿನ ಇನ್ನೊಂದನ್ನು ತುರುಕಬೇಡಿ

"ಹೇಗೂ ದ್ವೀಪಕ್ಕೆ ಬಂದಿದ್ದೇವೆ" ಎನ್ನುವವರು ಪ್ರತಿ ಸಂಸಾರದಲ್ಲೂ ಒಬ್ಬರಿರುತ್ತಾರೆ. ಒಂದನೆಯ ಚಾರ್ಲ್ಸ್ ದೊರೆಯನ್ನು ಸೆರೆಯಿಟ್ಟಿದ್ದ ಕ್ಯಾರಿಸ್‌ಬ್ರೂಕ್ ಕೋಟೆ, ಪಶ್ಚಿಮ ತುದಿಯ ನೀಡಲ್ಸ್ ಸುಣ್ಣಕಲ್ಲಿನ ಬಂಡೆಗಳು, ಎಲ್ಲ ನೋಡತಕ್ಕವೇ. ರಾತ್ರಿ ಉಳಿಯುವವರು ನೋಡಲಿ. ತೀರಾ ಚಡಪಡಿಸಿದರೆ ಹತ್ತಿರದ ವಿಪ್ಪಿಂಗ್‌ಹ್ಯಾಮ್‌ನ ಚರ್ಚಿಗೆ ಹತ್ತು ನಿಮಿಷ ಕೊಡಿ. ಆಲ್ಬರ್ಟ್ ಆಸಕ್ತಿ ವಹಿಸಿ ಕಟ್ಟಿಸಿದ್ದು. ರಾಣಿಯ ಕಿರಿಮಗಳು ಬಿಯಾಟ್ರಿಸ್ 1885ರಲ್ಲಿ ಮದುವೆಯಾದದ್ದೂ, ಈಗ ಮಲಗಿರುವುದೂ ಅಲ್ಲೇ.

15. ಕೊನೆಯ ಹಡಗಿನ ಹಿಂದಿನ ಹಡಗು ಹಿಡಿಯಿರಿ

ಕೊನೆಯದಕ್ಕೇ ಬುಕ್ ಮಾಡಿ ಅದು ತಪ್ಪಿದರೆ ದ್ವೀಪದಲ್ಲಿ ರಾತ್ರಿ ಕಳೆಯಬೇಕಾದೀತು. ಅರ್ಧ ಗಂಟೆ ಮೊದಲೇ ಕಾರಿನ ಸಾಲಿಗೆ ಸೇರಿ. ಸಾಲಿನಲ್ಲಿ ನಿಂತಾಗಲೇ ಅಪ್ಪನ ಸಂಜೆಯ ಮಾತ್ರೆ, ಅಮ್ಮನ ಶಾಲು, ಮಕ್ಕಳ ಒಣಬಟ್ಟೆ, ಉಳಿದ ಕೋಡುಬಳೆ ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿ. ಹಡಗು ಹೊರಟ ಮೇಲೆ ಕಾರು ನಿಲ್ಲಿಸಿದ ಅಂತಸ್ತಿಗೆ ಯಾರನ್ನೂ ಬಿಡುವುದಿಲ್ಲ.